ಅಕ್ಕನ ಫ್ಯಾನು ಮತ್ತು ನನ್ನ ನಾಲ್ಕನೇ ಆವೃತ್ತಿ

ಹೋದ ವಾರ ಬ್ರಹ್ಮಾವರದಲ್ಲಿ ಹಲ್ಲಿನ ಡಾಕ್ಟರ ಬಳಿ ಹೋಗಿದ್ದೆ. ಒಳಗೆ ಕರೆಯುವ ತನಕ ಬೆಂಚಿನ ಮೇಲೆ ಕೂತಿದ್ದಾಗ ಚೀಟಿ ಬರೆಯುವ ಹುಡುಗಿ ರಿಮೋಟು ತೆಗೆದು ತಲೆಯ ಮೇಲಿನ ಫ್ಯಾನಿನತ್ತ ಹಿಡಿದು ಒತ್ತಿದಳು. ಫ್ಯಾನು ಟುಂಯ್ ಎಂದು ಸಣ್ಣಗೆ ಸದ್ದು ಮಾಡಿ ವೇಗ ಇಳಿಸಿಕೊಂಡಿತು. ಹೇಳಿದ್ದು ಕೇಳಿಸಿತು ಎನ್ನಲು ಈ ಹೊಸ ಬಗೆಯ ಫ್ಯಾನುಗಳು ಮಾಡುವ ಸದ್ದು ಅದು. ನನಗೆ ಹಲ್ಲುನೋವು ಮರೆತೇಹೋಯಿತು. ಎದ್ದು ಹೊರಗೆ ಬಂದು ಮಳೆಯ ಇರಚಲಿನಲ್ಲಿ ನಿಂತೆ. ಹುಡುಗಿ ಬಾಗಿಲಿಗೆ ಬಂದು, "ಎಂತ ಮೇಡಂ, ಹೆದ್ರಿಕಿ ಆಯ್ತಾ? ಹಲ್ಲ್ ಕೀಳುದಲ್ಲ, ಬರೀ ಕಾಂಬುದ್" ಎಂದಳು. ನಾನು ಹಲ್ಲಿಗಾಗಿ ಅಳುತ್ತಿದ್ದೇನೆ ಎಂದು ಅವಳು ತಿಳಿದಳು. ಹಾಗೇ ತಿಳಿಯಲಿ ಎಂದು ಬಿಟ್ಟೆ.

ಮೂರು ಮಳೆಗಾಲದ ಹಿಂದೆ ಅಂಥದೇ ಒಂದು ಫ್ಯಾನು ಉಪ್ಪುಂದದಲ್ಲಿ ನನ್ನ ಅಕ್ಕನ ಮಂಚದ ಮೇಲೆ ತಿರುಗುತ್ತಿತ್ತು. ಬೈಂದೂರಿಗೆ ಹೋಗುವ ಹೆದ್ದಾರಿಯಿಂದ ಇಳಿದು ಕಡಲ ಕಡೆ ನಡೆದರೆ ಸಿಗುವ ಮನೆ ಅದು. ಅಕ್ಕನ ಹೆಸರು ಗುಲಾಬಿ. ನನಗಿಂತ ಹನ್ನೊಂದು ವರ್ಷ ದೊಡ್ಡವಳು. ನಾವು ಹುಟ್ಟಿದ್ದು ಕುಂದಾಪುರದ ಕೋಡಿಯಲ್ಲಿ. ಅಪ್ಪ ಬೇಗ ಹೋದ ಮೇಲೆ ಅಕ್ಕ ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಮೀನಿನ ಬುಟ್ಟಿ ತಲೆಗೇರಿಸಿದಳು. ಬಸ್ಸು ಹತ್ತಿ ಗುಲ್ವಾಡಿ, ಬಾರ್ಕೂರು ಎಂದು ಮನೆಮನೆ ತಿರುಗಿ ಮಾರುತ್ತಿದ್ದಳು. ಬಾಯಿ ಅಂದರೆ ಬಾಯಿ. ಮೀನು ಹಳಸಲು ಎಂದು ಯಾರಾದರೂ ಮೂಗು ಮುರಿದರೆ ಅವರ ಮನೆಯ ಮೂರು ತಲೆಮಾರಿನ ಮೂಗನ್ನೂ ವಿಚಾರಿಸಿಕೊಂಡು ಬರುತ್ತಿದ್ದಳು. ಆ ಬಾಯಿಯ ಬಲದಲ್ಲೇ ನಾನು ಓದಿ, ಪಾಲಿಟೆಕ್ನಿಕ್ಕೊಂದರಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವ ಮೇಷ್ಟರಮ್ಮನಾದೆ.

ಆ ಬಾಯಿಯೇ ಮೊದಲು ಸೋತಿತು. ನಾಲಿಗೆ ದಪ್ಪಗಾಯಿತು, ಮಾತು ತೊದಲಿತು. ಆಮೇಲೆ ಮೀನು ಕೊಯ್ಯುವಾಗ ಕತ್ತಿ ಜಾರಿ ಬೀಳತೊಡಗಿತು. ದೊಡ್ಡಾಸ್ಪತ್ರೆಯಲ್ಲಿ ಹೇಳಿದ ಕಾಯಿಲೆಯ ಹೆಸರನ್ನು ನಾನು ಇಂಟರ್ನೆಟ್ಟಿನಲ್ಲಿ ಓದಿ, ಓದಿದ್ದನ್ನು ಯಾರಿಗೂ ಹೇಳದೆ ಇಟ್ಟುಕೊಂಡೆ. ನರಗಳು ಸ್ನಾಯುಗಳ ಕೈಬಿಡುತ್ತಾ ಹೋಗುತ್ತವೆ. ಬುದ್ಧಿ ಮಾತ್ರ ಕೊನೆಯ ತನಕ ಚುರುಕಾಗಿರುತ್ತದೆ. ಆ ಬೇಸಿಗೆಯ ಹೊತ್ತಿಗೆ ಅಕ್ಕ ಪೂರ್ತಿ ಮಂಚ ಹಿಡಿದಿದ್ದಳು. ಕತ್ತಿನ ಕೆಳಗೆ ಅವಳ ಮಾತು ಕೇಳುತ್ತಿದ್ದದ್ದು ಬಲಗೈಯ ಹೆಬ್ಬೆರಳು ಒಂದೇ. ಅವಳು ಆಡುವುದು ಅವಳ ಗಂಡ ಶೀನ ಭಾವನಿಗೆ ಮಾತ್ರ ಪೂರಾ ಅರ್ಥವಾಗುತ್ತಿತ್ತು. ಮಕ್ಕಳಿಲ್ಲದ ಮನೆ. ಭಾವನೇ ಅನ್ನ ಕಲಸಿ ಉಣ್ಣಿಸುತ್ತಿದ್ದ, ಅವಳ ಮಾತನ್ನೂ ಬಿಡಿಸಿ ನನಗೆ ಹೇಳುತ್ತಿದ್ದ.

ಭಾವ ಗಂಗೊಳ್ಳಿಯ ಬೋಟಿನಲ್ಲಿ ದುಡಿಯುವವನು. ಮಳೆಗಾಲದ ಎರಡು ತಿಂಗಳು ಮೀನುಗಾರಿಕೆಗೆ ನಿಷೇಧ; ಬೋಟುಗಳು ಹೊಳೆಯಲ್ಲಿ ಕಟ್ಟಿರುತ್ತವೆ, ಗಂಡಸರು ಮನೆಯಲ್ಲಿರುತ್ತಾರೆ. ಆಗಸ್ಟ್ ಶುರುವಾದರೆ ಬೋಟು ಇಳಿಯುತ್ತದೆ, ಭಾವ ಹೋಗಲೇಬೇಕು. ಆಮೇಲೆ ಪಕ್ಕದ ಮನೆಯವರು ಬೆಳಿಗ್ಗೆ ಬಂದು ಮೈ ಒರೆಸಿ ಗಂಜಿ ಕುಡಿಸಿ ಹೋದರೆ ಮತ್ತೆ ಬರುವುದು ಮಧ್ಯಾಹ್ನಕ್ಕೆ. ನಡುವಿನ ಅಷ್ಟು ಹೊತ್ತು ಅಕ್ಕ ಒಬ್ಬಳೇ. ಮಳೆ ಜೋರಾಗಿ ತಂಪು ಹತ್ತಿದರೆ ಫ್ಯಾನು ನಿಲ್ಲಿಸಲು ಆಗುವುದಿಲ್ಲ, ಹೊದಿಕೆ ಎಳೆದುಕೊಳ್ಳಲು ಆಗುವುದಿಲ್ಲ. ಕರೆಂಟು ಹೋಗಿ ಬಂದರೆ ಫ್ಯಾನು ತಾನಾಗಿ ತಿರುಗುವುದಿಲ್ಲ, ಸೊಳ್ಳೆ ಮುಖದ ಮೇಲೆ ಕೂತರೆ ಓಡಿಸಲು ಆಗುವುದಿಲ್ಲ. ಜೂನಿನಲ್ಲಿ ಒಂದು ದಿನ ಅಕ್ಕ ಏನೋ ಹೇಳಿದಳು. ಭಾವ ನನ್ನ ಕಡೆ ತಿರುಗಿದ.

"ನನ್ ತಂಗಿ ಅಷ್ಟ್ ಓದಿತ್ತಲೆ, ಈ ಫ್ಯಾನ್ ನಾನೇ ಬಂದ್ ಮಾಡು ಹಂಗ್ ಎಂತಾರೂ ಮಾಡೂಕ್ ಆತಿಲ್ಯಾ ಅಂದೇಳಿ ಕೇಂತ್" ಎಂದ.

ಅಕ್ಕ ನನ್ನಿಂದ ಅಲ್ಲಿಯವರೆಗೆ ಏನನ್ನೂ ಕೇಳಿದವಳಲ್ಲ. ಆಯಿತು ಎಂದೆ. ಬೋಟು ಇಳಿಯುವ ಮೊದಲು ಮಾಡಿಕೊಡುತ್ತೇನೆ ಎಂದೆ.

ಬ್ರಹ್ಮಾವರದ ನನ್ನ ಬಾಡಿಗೆ ಕೋಣೆಯಲ್ಲಿ ಅಂಗೈಯಗಲದ ಒಂದು ಕಂಪ್ಯೂಟರ್ ಬೋರ್ಡು ಬಿದ್ದಿತ್ತು. ಅದನ್ನು ಸೋಪಿನ ಡಬ್ಬಿಯಲ್ಲಿ ಕೂರಿಸಿ, ಡಬ್ಬಿಗೆ ತೂತು ಕೊರೆದು ರಿಮೋಟಿನಲ್ಲಿರುವಂಥ ದೀಪವನ್ನು ಹೊರಗೆ ಮಾಡಿ, ಹೆಬ್ಬೆರಳಿನ ಅಡಿಗೆ ಹೊಂದುವ ಮೆದು ಸ್ವಿಚ್ಚೊಂದನ್ನು ಮರದ ತುಂಡಿಗೆ ಕಟ್ಟಿದೆ. ಒಮ್ಮೆ ಒತ್ತಿದರೆ ಫ್ಯಾನು ಶುರು ಅಥವಾ ಬಂದ್, ಎರಡು ಸಲ ಒತ್ತಿದರೆ ವೇಗ ಬದಲು, ಒತ್ತಿ ಹಿಡಿದರೆ ಟಿವಿಯ ಚಾನೆಲ್ ಬದಲು. ಜುಲೈ ಮೊದಲ ವಾರ ಕೊಂಡುಹೋಗಿ ಕೈಯಡಿಗೆ ಇಟ್ಟೆ. ಅಕ್ಕ ಒತ್ತಿದಳು. ಟುಂಯ್ ಎಂದು ಫ್ಯಾನು ನಿಂತಿತು. ಇನ್ನೊಮ್ಮೆ ಒತ್ತಿದಳು, ತಿರುಗಿತು. ಆ ದಿನ ಸಂಜೆಯ ತನಕ ಆ ಫ್ಯಾನಿಗೆ ಪುರುಸೊತ್ತಿಲ್ಲ. ಭಾವ ಟಿವಿ ನೋಡುತ್ತಾ ಕೂತರೆ ಅಕ್ಕ ಚಾನೆಲ್ ಬದಲಿಸುತ್ತಿದ್ದಳು, ಅವನು ಬೈದರೆ ಗಂಟಲಲ್ಲೇ ನಗುತ್ತಿದ್ದಳು. ನಾನು ಅವಳ ನಗು ಕೇಳಿ ನಾಲ್ಕು ತಿಂಗಳಾಗಿತ್ತು.

ಟಿವಿಗೆ ಪ್ರತಿ ಸಲವೂ ಮುಟ್ಟುತ್ತಿತ್ತು. ಫ್ಯಾನು ಮಾತ್ರ ಐದರಲ್ಲಿ ಒಂದು ಸಲ ಕೇಳಿಸಿಕೊಳ್ಳುತ್ತಿರಲಿಲ್ಲ. ಯಾಕೆಂದು ನನಗೆ ಗೊತ್ತಿತ್ತು. ಆ ದೀಪ ನಮ್ಮ ಕಣ್ಣಿಗೆ ಕಾಣದ ಬೆಳಕನ್ನು ಸೆಕೆಂಡಿಗೆ ಮೂವತ್ತೆಂಟು ಸಾವಿರ ಸಲ ಮಿಣುಕಿಸುತ್ತದೆ. ಮಿಣುಕು ಎಷ್ಟು ಹೊತ್ತು, ನಡುವಿನ ಬಿಡುವು ಎಷ್ಟು ಹೊತ್ತು ಎನ್ನುವುದರಲ್ಲೇ ಫ್ಯಾನಿಗೆ ಹೇಳಬೇಕಾದ ಮಾತಿರುತ್ತದೆ. ಮಿಣುಕಿಸುವ ಕೆಲಸವನ್ನು ಬೋರ್ಡಿನ ಚಿಪ್ಪೇ ಮಾಡುತ್ತಿತ್ತು. ಆದರೆ ಈಗ ಶುರು ಮಾಡು, ಈಗ ನಿಲ್ಲಿಸು ಎಂದು ಹೇಳುವುದು ನನ್ನ ಡ್ರೈವರ್, ಅಂದರೆ ಬೋರ್ಡನ್ನು ನಡೆಸುವ ಲಿನಕ್ಸ್ ತಂತ್ರಾಂಶದ ಕರ್ನಲ್ ಎಂಬ ಒಳಮನೆಯಲ್ಲಿದ್ದು ಯಂತ್ರವನ್ನು ಆಡಿಸುವ ಚಿಕ್ಕ ಪ್ರೋಗ್ರಾಂ. ಅದು ನಮ್ಮ ಲೋಕಲ್ ಬಸ್ಸಿನ ಕಂಡಕ್ಟರಿದ್ದ ಹಾಗೆ. ಯಾರದೋ ಜೊತೆ ಮಾತಿಗೆ ನಿಂತು ಸೀಟಿ ಊದಲು ತಡ ಮಾಡಿದರೆ ಬಸ್ಸು ತೆಕ್ಕಟ್ಟೆ ದಾಟಿ ಹೋಗಿ ನಿಲ್ಲುತ್ತದೆ. ಬೋರ್ಡಿಗೆ ಬೇರೆ ಕೆಲಸ ಬಿದ್ದಾಗ ನನ್ನ ಡ್ರೈವರಿನ ಸೀಟಿಯೂ ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದೆರಡು ಪಾಲಿನಷ್ಟು ತಡವಾಗುತ್ತಿತ್ತು. ಟಿವಿ ಒಳ್ಳೆಯ ಪ್ರಯಾಣಿಕನ ಹಾಗೆ ನಾಲ್ಕು ಹೆಜ್ಜೆ ಓಡಿ ಬಂದು ಹತ್ತಿಕೊಳ್ಳುತ್ತಿತ್ತು. ಫ್ಯಾನು ನಿಂತಲ್ಲಿಂದ ಅಲುಗುತ್ತಿರಲಿಲ್ಲ.

ಇದಕ್ಕೆ ಮದ್ದು ಇತ್ತು. ಚಿಪ್ಪಿನೊಳಗೆ ಟೈಮರ್ ಎಂಬ ಗಟ್ಟಿ ಗಡಿಯಾರವಿದೆ. ಇಷ್ಟು ಹೊತ್ತಿಗೆ ಎಬ್ಬಿಸು ಎಂದು ಅದಕ್ಕೆ ಹೇಳಿಟ್ಟರೆ, ಯಾರು ಯಾವ ಕೆಲಸದಲ್ಲಿದ್ದರೂ ಬದಿಗೆ ಸರಿಸಿ ಹೇಳಿದ ಹೊತ್ತಿಗೆ ಬಂದು ನಿಲ್ಲುತ್ತದೆ. ಸೀಟಿಯನ್ನು ಕಂಡಕ್ಟರ ಕೈಯಿಂದ ತೆಗೆದು ಆ ಗಡಿಯಾರಕ್ಕೆ ಕೊಟ್ಟರೆ ಮುಗಿಯಿತು. ಎರಡನೆಯ ಭಾನುವಾರ ಹೋದಾಗ ಡಬ್ಬಿಯನ್ನು ಬಿಚ್ಚತೊಡಗಿದೆ. ಅಕ್ಕ ಕಣ್ಣು ಕೆಂಪು ಮಾಡಿ ಏನೋ ಉದ್ದಕ್ಕೆ ಹೇಳಿದಳು. ಭಾವ ನಗುತ್ತಾ ತನ್ನ ಮೇಲಿನ ದೂರನ್ನು ತಾನೇ ಬಿಡಿಸಿ ಹೇಳಿದ.

"ಐದ್ ಸಲ ಒತ್ತಿರೆ ನಾಕ್ ಸಲ ಆತ್ತ್ ಅಂಬ್ರ್. ನನ್ನ ಐದ್ ಸಲ ಕರದ್ರೆ ನಾನ್ ಬಪ್ಪುದ್ ಎರಡೇ ಸಲ ಅಂಬ್ರ್. ಇದೇ ಸಾಕ್, ಕೊಂಡ್ಹೋಯ್ಬೇಡ ಅಂತ್."

"ಎರಡೇ ದಿನ ಅಕ್ಕ" ಎಂದೆ. "ಸರಿ ಮಾಡಿ ತಕಂಡ್ ಬತ್ತೆ. ಆಮೇಲ್ ಒಂದ್ ಸಲವೂ ತಪ್ಪುದಿಲ್ಲೆ."

ಅವಳು ಹೆಬ್ಬೆರಳನ್ನು ಸ್ವಿಚ್ಚಿನ ಮೇಲಿಂದ ತೆಗೆಯಲಿಲ್ಲ. ನಾನೇ ಮೆಲ್ಲನೆ ಎತ್ತಿ ಬದಿಗಿಟ್ಟು ಸ್ವಿಚ್ಚನ್ನೂ ಚೀಲಕ್ಕೆ ಹಾಕಿಕೊಂಡೆ. ಈಗ ಇದನ್ನು ಬರೆಯುವಾಗ ನನ್ನ ಕೈಯನ್ನು ನಾನೇ ಹೊಡೆಯಬೇಕೆನ್ನಿಸುತ್ತದೆ. ಆ ಬೆರಳಿಗೆ ಅಷ್ಟು ಭಾರ ಇತ್ತು ಎಂಬುದು ನನಗೆ ಇನ್ನೂ ನೆನಪಿದೆ.

ಎರಡು ದಿನದಲ್ಲಿ ಆಗಲಿಲ್ಲ. ಟೈಮರ್ ಬಂದು ಎಬ್ಬಿಸಿದಾಗ ಡ್ರೈವರ್ ಯಾರಿಗೂ ಕಾಯದೆ ಕೆಲಸ ಮುಗಿಸಿ ಹೋಗಬೇಕು. ಅಲ್ಲಿ ನಿಂತು ತೂಕಡಿಸಿದರೆ ಇಡೀ ಯಂತ್ರವೇ ಕಟ್ಟಿಕೊಳ್ಳುತ್ತದೆ. ಮಿಣುಕನ್ನು ಶುರು ಮಾಡುವ ಹಳೆಯ ಕೋಡು, ಎರಡು ಕೆಲಸಗಳು ಒಟ್ಟಿಗೆ ಚಿಪ್ಪನ್ನು ಮುಟ್ಟದಂತೆ ಇಟ್ಟಿರುವ ಒಂದು ಬೀಗ ತನ್ನ ಕೈಗೆ ಸಿಗುವ ತನಕ ಕಾಯುತ್ತಿತ್ತು. ಹಾಗಾಗಿ ಪ್ರತಿ ಸಲವೂ ಬೋರ್ಡು ಸತ್ತಂತೆ ನಿಂತುಬಿಡುತ್ತಿತ್ತು. ಕ್ಲಾಸು ಮುಗಿಸಿ ಬಂದು ಸಂಜೆಯೆಲ್ಲ ಅದರ ಮುಂದೆ ಕೂರುತ್ತಿದ್ದೆ. ಹೊರಗೆ ಆಟಿ ತಿಂಗಳ ಮಳೆ ಒಂದೇ ಸಮನೆ ಸುರಿಯುತ್ತಿತ್ತು, ಗೋಡೆಯೆಲ್ಲ ನೀರು ಜಿನುಗಿ ಕಾಗದಗಳು ಮೆತ್ತಗಾಗಿದ್ದವು. ಐದನೆಯ ದಿನ ಆ ಬೀಗದ ಕಾಟವನ್ನು ತಪ್ಪಿಸಿದೆ. ಫ್ಯಾನಿನಲ್ಲಿರುವಂಥದೇ, ಆ ಬೆಳಕನ್ನು ಹಿಡಿಯುವ ಕಣ್ಣೊಂದನ್ನು ಮೇಜಿನ ಮೇಲಿಟ್ಟು ನೂರು ಸಲ ಕಳಿಸಿದೆ. ನೂರಕ್ಕೆ ನೂರೂ ಮುಟ್ಟಿತು.

ಆ ಸಂಜೆಯೇ ಕುಂದಾಪುರದ ಬಸ್ಸು ಹತ್ತಬೇಕಿತ್ತು. ಅಲ್ಲಿ ಇಳಿದು ಬೈಂದೂರಿನ ಬಸ್ಸು ಹಿಡಿದಿದ್ದರೆ ಊಟದ ಹೊತ್ತಿಗೆ ಅಕ್ಕನ ಮನೆಯಲ್ಲಿರುತ್ತಿದ್ದೆ. ನಾನು ಹೋಗಲಿಲ್ಲ. ನಾನು ಮಾಡಿದ್ದು, ಆ ಕೋಡನ್ನು ಒಪ್ಪ ಮಾಡಿ, ಲಿನಕ್ಸ್ ಕರ್ನಲ್ ನೋಡಿಕೊಳ್ಳುವವರ ಇಮೇಲ್ ಅಂಚೆಪಟ್ಟಿಗೆ ಕಳಿಸಿದ್ದು.

ಹಾಗೆ ಕಳಿಸುವುದು ನಮ್ಮ ಕಸುಬಿನ ಪದ್ಧತಿ. ಜಗತ್ತಿನ ಯಾರು ಬೇಕಾದರೂ ಕಳಿಸಬಹುದು. ಅಲ್ಲಿರುವ ಹಿರಿಯರು ಓದಿ, ಹುಳುಕು ಹುಡುಕಿ ಹಿಂದೆ ಕಳಿಸುತ್ತಾರೆ. ನೀವು ತಿದ್ದಿ ಎರಡನೇ ಆವೃತ್ತಿ ಎಂದು ಮತ್ತೆ ಕಳಿಸುತ್ತೀರಿ. ಒಪ್ಪಿಗೆಯಾದರೆ ಅದು ಎಲ್ಲರ ಕರ್ನಲ್ಲಿನಲ್ಲಿ ಸೇರಿಕೊಳ್ಳುತ್ತದೆ, ಜೊತೆಗೆ ನಿಮ್ಮ ಹೆಸರೂ ಉಳಿಯುತ್ತದೆ. ಅದಕ್ಕೂ ಮೊದಲು ಎರಡು ಸಲ ಬೇರೆ ಏನೇನೋ ಕಳಿಸಿದ್ದೆ. ಒಂದಕ್ಕೆ ಉತ್ತರವೇ ಬಂದಿರಲಿಲ್ಲ, ಇನ್ನೊಂದನ್ನು ಒಂದೇ ಸಾಲಿನಲ್ಲಿ ಬೇಡ ಎಂದಿದ್ದರು. ಈ ಸಲ ಮರುದಿನವೇ ಉತ್ತರ ಬಂತು. ದೂರದ ಯಾವುದೋ ದೇಶದ ಒಬ್ಬ ಹಿರಿಯ, ಕೆಲಸ ಚೆನ್ನಾಗಿದೆ, ಆದರೆ ಇದನ್ನು ಎರಡು ತುಂಡಾಗಿ ಬಿಡಿಸಿ ಕಳಿಸು ಎಂದು ಬರೆದಿದ್ದರು. ಬ್ರಹ್ಮಾವರದ ಒದ್ದೆ ಕೋಣೆಯಲ್ಲಿ ಕೂತವಳಿಗೆ ಅಷ್ಟು ದೂರದಿಂದ ಒಬ್ಬರು ಚೆನ್ನಾಗಿದೆ ಎಂದರೆ ಏನಾಗುತ್ತದೆ ಎಂದು ಹೇಗೆ ಹೇಳಲಿ. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಎರಡನೇ ಆವೃತ್ತಿ ಕಳಿಸಿದೆ. ಟೈಮರಿನಿಂದ ಕರೆಯಲು ಬಾರದ ಚಿಪ್ಪುಗಳಿಗೆ ಹಳೆಯ ದಾರಿಯನ್ನೂ ಉಳಿಸು ಎಂದರು. ಮೂರನೆಯದನ್ನು ಕಳಿಸಿದೆ. ಒಂದು ಹೆಸರು ಸರಿಯಿಲ್ಲ, ಒಂದು ಟಿಪ್ಪಣಿ ಉದ್ದವಾಯಿತು ಎಂದರು. ಪ್ರತಿ ತಿದ್ದುಪಡಿಯ ಮೇಲೂ ಬೋರ್ಡಿನಲ್ಲಿ ಓಡಿಸಿ ನೋಡಬೇಕು, ಇದ್ದದ್ದು ಒಂದೇ ಬೋರ್ಡು. ಇನ್ನೊಂದು ತರಿಸಬಹುದಿತ್ತು. ಐದನೆಯ ದಿನದ ಕೋಡನ್ನೇ ಹಾಕಿ ಡಬ್ಬಿಯನ್ನು ಕೊಟ್ಟುಬರಬಹುದಿತ್ತು. ಅಕ್ಕನ ಫ್ಯಾನಿಗೆ ಹೆಸರು ಸರಿಯಿದ್ದರೇನು, ಟಿಪ್ಪಣಿ ಉದ್ದವಿದ್ದರೇನು. ಇದೆಲ್ಲ ನನಗೆ ತೋಚಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ತೋಚಿತು, ಇನ್ನು ಎರಡು ದಿನ ತಾನೇ ಎಂದುಕೊಂಡೆ. ಪೂರಾ ಆಗದ ಕೆಲಸವನ್ನು ಕೈಬಿಟ್ಟು ಕೊಡಲು ನಮ್ಮಂಥವರಿಗೆ ಬರುವುದಿಲ್ಲ.

ನಡುವೆ ಭಾವ ಎರಡು ಸಲ ಫೋನು ಮಾಡಿದ. ಮೊದಲ ಸಲ, "ವನಜಾ, ಡಬ್ಬಿ ಎಂತ ಆಯ್ತ್? ನಿನ್ನಕ್ಕ ಫ್ಯಾನ್ ಕಾಂತ್ ಮಲ್ಕಂಡಿತ್ತ್" ಎಂದ. ಇನ್ನೇನು ಮುಗಿಯಿತು ಭಾವ ಎಂದೆ. ಎರಡನೆಯ ಸಲ ಅವನು ಡಬ್ಬಿಯ ಮಾತೆತ್ತಲಿಲ್ಲ. ಊಟ ಆಯ್ತಾ, ಅಲ್ಲಿ ಮಳೆ ಹ್ಯಾಂಗಿತ್ತ್ ಎಂದು ಕೇಳಿ ಇಟ್ಟುಬಿಟ್ಟ. ನನಗೆ ಅದು ಸಮಾಧಾನವೇ ಆಯಿತು. ಎರಡು ಭಾನುವಾರ ನಾನು ಉಪ್ಪುಂದಕ್ಕೆ ಹೋಗಲೂ ಇಲ್ಲ. ಬರಿಗೈಯಲ್ಲಿ ಹೋಗುವುದು ಹೇಗೆ ಎಂದುಕೊಂಡು ತಪ್ಪಿಸಿಕೊಂಡೆ.

ನಾಲ್ಕನೇ ಆವೃತ್ತಿಯನ್ನು ಕಳಿಸಿ, ಜುಲೈ ಕೊನೆಯ ದಿನ ಡಬ್ಬಿ ಹಿಡಿದು ಬಸ್ಸು ಹತ್ತಿದೆ. ಮರವಂತೆಯಲ್ಲಿ ಕಡಲು ರಸ್ತೆಗೆ ಬಂದು ಬಡಿಯುತ್ತಿತ್ತು, ಬಸ್ಸಿನ ಕಿಟಕಿಯ ಟರ್ಪಾಲು ಇಳಿಸಿದ್ದರು. ನಾನು ಚೀಲವನ್ನು ಎದೆಗೆ ಒತ್ತಿ ಹಿಡಿದಿದ್ದೆ. ಅಷ್ಟು ಖುಷಿಯಾಗಿ ನಾನು ಆ ದಾರಿಯಲ್ಲಿ ಎಂದೂ ಹೋಗಿರಲಿಲ್ಲ ಎಂದು ಹೇಳಲು ನಾಚಿಕೆಯಾಗುತ್ತದೆ.

ಅಕ್ಕ ಸಣ್ಣಗಾಗಿದ್ದಳು. ಉಸಿರಾಡುವಾಗ ಕತ್ತಿನ ನರಗಳು ಎದ್ದು ಕಾಣುತ್ತಿದ್ದವು. ಡಬ್ಬಿಯನ್ನು ಕಿಟಕಿಯ ಕಟ್ಟೆಗಿಟ್ಟು, ಸ್ವಿಚ್ಚನ್ನು ಬೆರಳಿನಡಿಗೆ ಸರಿಸಿ, "ಒತ್ತ್ ಅಕ್ಕ" ಎಂದೆ. ಅವಳು ನನ್ನನ್ನು ನೋಡಿದಳು. ಫ್ಯಾನು ತಿರುಗುತ್ತಲೇ ಇತ್ತು. ಸ್ವಿಚ್ಚು ಸರಿಯಾಗಿ ಕೂತಿಲ್ಲವೆಂದು ಇನ್ನಷ್ಟು ಹತ್ತಿರ ಮಾಡಿದೆ. ಎರಡನೆಯ ಸಲ ಒತ್ತು ಎಂದಾಗ ಭಾವ ಬಾಗಿಲ ಬಳಿಯಿಂದ ಎದ್ದು ಬಂದ.

"ಹೆಬ್ಬೆಟ್ಟ್ ಏಳುದಿಲ್ಲೆ ವನಜಾ. ಎಂಟ್ ಹತ್ ದಿನ ಆಯ್ತ್."

"ನಂಗ್ ಎಂತಕ್ಕ್ ಹೇಳ್ಲಿಲ್ಲೆ ಭಾವ?"

"ನಿನ್ನಕ್ಕನೇ ಹೇಳ್ಬೇಡ ಅಂದೇಳಿತ್. ಹೇಳಿರೆ ಆ ಹೆಣ್ ಅರ್ಧಕ್ ಬಿಟ್ಟ್ ಓಡಿ ಬತ್ತ್, ಅದ್ರ್ ಕೆಲ್ಸ ಅದ್ ಪೂರಾ ಮುಗಿಸ್ಲಿ ಅಂತ್."

ನಾನು ಏನು ಮಾಡಬೇಕೆಂದು ತಿಳಿಯದೆ ಸ್ವಿಚ್ಚನ್ನು ನಾನೇ ಒತ್ತಿದೆ. ಟುಂಯ್ ಎಂದು ಫ್ಯಾನು ನಿಂತಿತು. ಒತ್ತಿದೆ, ತಿರುಗಿತು. ಹತ್ತು ಸಲ ಒತ್ತಿರಬೇಕು, ಹತ್ತೂ ಸಲ ಕೇಳಿತು. ಅಕ್ಕ ಫ್ಯಾನನ್ನೇ ನೋಡುತ್ತಿದ್ದು ಆಮೇಲೆ ಏನೋ ಅಂದಳು. ಅಷ್ಟು ಹೊತ್ತಿಗೆ ಅವಳ ಸ್ವರ ಭಾವನಿಗೂ ಕಿವಿ ಹತ್ತಿರ ಒಯ್ದರೆ ಮಾತ್ರ ಕೇಳುವಂತಾಗಿತ್ತು. "ಲಾಯ್ಕ್ ಆಯ್ತ್ ಅಂತ್" ಎಂದ ಭಾವ. ನಾನು ಅವಳ ಹೊಟ್ಟೆಯ ಮೇಲೆ ಮುಖವಿಟ್ಟು ಅತ್ತೆ. ತಲೆ ಸವರಲು ಅವಳಿಗೆ ಕೈ ಏಳುತ್ತಿರಲಿಲ್ಲ. ಅದಕ್ಕಾಗಿ ಭಾವ ಅವಳ ಕೈಯನ್ನು ಎತ್ತಿ ನನ್ನ ತಲೆಯ ಮೇಲಿಟ್ಟ.

ಸ್ವಿಚ್ಚಿನ ಬದಲು ಹುಬ್ಬಿಗೆ ಪಟ್ಟಿ ಕಟ್ಟಿ, ಹುಬ್ಬು ಕುಣಿಸಿದರೆ ಡಬ್ಬಿ ಕೆಲಸ ಮಾಡುವಂತೆ ಮಾಡಿ ನೋಡಿದೆ. ಅವಳು ರೆಪ್ಪೆ ಬಡಿದರೂ ಫ್ಯಾನು ಶುರುವಾಗುತ್ತಿತ್ತು, ಕೆಮ್ಮಿದರೂ ಬಂದಾಗುತ್ತಿತ್ತು. ಪಟ್ಟಿಯಡಿ ಹಣೆ ಬೆವೆತು ಕೆಂಪಾಯಿತು. ಎರಡನೆಯ ದಿನ ನಾನು ಪಟ್ಟಿ ಹಿಡಿದು ಹತ್ತಿರ ಹೋದರೆ ಅಕ್ಕ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. "ಬಿಡ್ ವನಜಾ, ಸಾಕಾಯ್ತ್ ಅವ್ಳಿಗೆ" ಎಂದ ಭಾವ. ಬೋಟುಗಳು ಇಳಿದವು. ಭಾವ ಮಾತ್ರ ಕಡಲಿಗೆ ಹೋಗಲಿಲ್ಲ. ಫ್ಯಾನಿನ ಜೊತೆ ಬಂದಿದ್ದ ರಿಮೋಟನ್ನೇ ಕೈಯಲ್ಲಿ ಹಿಡಿದು ಅಕ್ಕನ ಮುಖ ನೋಡುತ್ತಾ ಮಂಚದ ಬದಿ ಕೂತಿರುತ್ತಿದ್ದ. ತಂಪಾಯಿತೋ ಸೆಕೆಯಾಯಿತೋ ಅವನಿಗೆ ಹೇಗೋ ತಿಳಿಯುತ್ತಿತ್ತು. ನವರಾತ್ರಿ ಕಳೆದು ನಾಲ್ಕನೆಯ ದಿನ ಬೆಳಿಗ್ಗೆ ಅಕ್ಕ ಹೋದಳು.

ಉತ್ತರಕ್ರಿಯೆ ಮುಗಿದು ಕೆಲಸಕ್ಕೆ ಹಿಂತಿರುಗಿದ ವಾರ ಆ ದೂರದ ಹಿರಿಯರ ಉತ್ತರ ಬಂತು. ನಾಲ್ಕನೇ ಆವೃತ್ತಿ ಸರಿಯಿದೆ, ತೆಗೆದುಕೊಳ್ಳುತ್ತೇನೆ, ಆದರೆ ಒಂದು ವಿಷಯ ಎಂದಿದ್ದರು. ಹೊಸ ಕೋಡನ್ನು ಬರೆದವರಲ್ಲದೆ ಬೇರೆ ಯಾರಾದರೂ ಬಳಸಿ ನೋಡಿದ್ದರೆ ಅವರ ಹೆಸರನ್ನೂ ಒಂದು ಸಾಲಾಗಿ ಸೇರಿಸುವುದು ಅಲ್ಲಿಯ ರೂಢಿ. ಪರೀಕ್ಷಿಸಿದವರು ಇಂಥವರು ಎಂದು. ಅಂಥವರು ಯಾರಾದರೂ ಇದ್ದರೆ ಹೆಸರು ಕೊಡು ಎಂದು ಕೇಳಿದ್ದರು.

ಅಕ್ಕನ ಹೆಸರನ್ನು ಬರೆದೆ. ಇಂಗ್ಲಿಷಿನಲ್ಲಿ ಆ ಹೆಸರು ಹೇಗೆ ಕಾಣುತ್ತದೆಂದು ಮೊದಲ ಸಲ ನೋಡಿದೆ. ಕಳಿಸಲಾಗದೆ ಹಾಗೇ ಬಿಟ್ಟು ಶನಿವಾರ ಗಂಗೊಳ್ಳಿಗೆ ಹೋದೆ. ಭಾವ ಮತ್ತೆ ಬೋಟಿಗೆ ಸೇರಿದ್ದ, ಬೋಟು ಕಟ್ಟುವ ದಕ್ಕೆಯಲ್ಲಿ ಕೂತು ಬಲೆಯ ಕಣ್ಣು ಸರಿ ಮಾಡುತ್ತಿದ್ದ. ವಿಷಯ ಹೇಳಿದೆ.

"ಹಾಕ್. ಗುಲಾಬಿ ಅಂದೇಳಿ ಹಾಕ್" ಎಂದ ಕೂಡಲೇ.

"ಹೊಸ್ದನ್ನ್ ಬಳಸ್ದವ್ರ್ ಹೆಸ್ರ್ ಮಾತ್ರ ಹಾಕೂದ್ ಭಾವ. ಹೊಸ್ದನ್ನ್ ಅಕ್ಕ ಒಂದ್ ಸಲವೂ ಒತ್ಲಿಲ್ಲೆ."

"ಹಳೀದ್ ಒತ್ತಿತ್ತಲೆ. ದಿನ ಇಡೀ ಒತ್ತಿತ್."

"ಹಳೀದ್ ಬೇರೆ ಭಾವ."

ಅವನು ಬಲೆಯ ಇನ್ನೊಂದು ಕಣ್ಣಿಗೆ ಗಂಟು ಹಾಕಿದ. "ಹಂಗಾರೆ ಬೇಡ" ಎಂದ. "ಮಾಡದ್ದನ್ನ್ ಮಾಡಿತ್ ಅಂದ್ರೆ ಅವ್ಳಿಗ್ ಆತಿಲ್ಲೆ."

ಬ್ರಹ್ಮಾವರಕ್ಕೆ ಬಂದು ಅಕ್ಕನ ಹೆಸರನ್ನು ಅಳಿಸಿದೆ. ಇಲ್ಲ, ಇದನ್ನು ಬೇರೆ ಯಾರೂ ಬಳಸಿ ನೋಡಿಲ್ಲ ಎಂದು ಉತ್ತರ ಬರೆದೆ.